ಕೇಸರಿ ಬೇಳೆಯ ವಿಷ: ಒಂದು ಕಾರಣವನ್ನು ಹುಡುಕಿದ ಕಥೆ



ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ನಮ್ಮ ಮಾತುಕತೆ ಕಾರ್ಯಕ್ರಮದ ಚಿತ್ರೀಕರಣ ನಡೆದಿತ್ತು. ಚಾಮರಾಜನಗರದಿಂದಲೂ ಒಂದು ಬಸ್ಸಿನ ತುಂಬ ವಿದ್ಯಾರ್ಥಿಗಳು ಬಂದಿದ್ದರು. ಅತಿಥಿಗಳು ನರಕೋಶಗಳು ಸವೆದುಹೋಗುವ ಕಾಯಿಲೆಗಳ ಬಗ್ಗೆ, ಅಂದರೆ ಪಾರ್ಕಿನ್ಸನ್, ಆಲ್‌ಝೈಮರ್ ಮುಂತಾದವುಗಳ ಬಗ್ಗೆ ಮಾತನಾಡಿದರು. ಕೊನೆಯಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸಾರ್, ಪಿಎಚ್.ಡಿ. ಮುಗಿದ ಮೇಲೂ ಮೂರು ನಾಕು ವರ್ಷ ಲ್ಯಾಬಲ್ಲೇ ಇರ್ತಾರಂತಲ್ಲ. ಒಂದು ಕಾಯಿಲೆ ಯಾಕೆ ಬರುತ್ತೆ ಅಂತ ಹೇಳೋಕೆ ಅಷ್ಟು ವರ್ಷ ಯಾಕೆ ಬೇಕು?"

ಅತಿಥಿಗಳು ಉತ್ತರ ಶುರು ಮಾಡುವಷ್ಟರಲ್ಲಿ ನಮ್ಮ ಅರ್ಧ ಗಂಟೆ ಮುಗಿಯಿತು. ಆ ಪ್ರಶ್ನೆ ಪ್ರಸಾರವಾಗಲಿಲ್ಲ. ನನ್ನ ತಲೆಯಿಂದ ಮಾತ್ರ ಅದು ಹೋಗಲಿಲ್ಲ. ಅದಕ್ಕೆ ಕಾರಣವಿದೆ. ನಮ್ಮ ದೊಡ್ಡಪ್ಪನವರಿಗೆ ಕೈನಡುಕ ಶುರುವಾಗಿ, ಆಮೇಲೆ ನಡಿಗೆಯೂ ಕಟ್ಟಿಹೋಗಿತ್ತು. ಮನೆಯಲ್ಲಿ ಬಿ.ಎಸ್ಸಿ. ಓದಿದವನು ನಾನೊಬ್ಬನೇ ಎಂದು ಅವರು ನನ್ನನ್ನೇ ಕೇಳುತ್ತಿದ್ದರು: "ನಾನು ಏನು ತಿಂದೆ ಅಂತ ಇದು ಬಂತಪ್ಪಾ?" ನಾನು ಏನೋ ಹೇಳಿ ಮಾತು ಮರೆಸುತ್ತಿದ್ದೆ.

ತಿಂದದ್ದರಿಂದಲೇ ಬರುವ ನರಕ್ಷಯದ ಕಾಯಿಲೆಯೊಂದು ಇದೆ. ಅದರ ಕಾರಣವನ್ನು ಹಿಡಿದುಕೊಟ್ಟವರಲ್ಲಿ ಮೊದಲಿಗರು ಬೆಂಗಳೂರಿನವರು. ಕಾರಣ ಹುಡುಕಲು ಎಷ್ಟು ವರ್ಷ ಬೇಕು, ಯಾಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಆ ಕಾಯಿಲೆ ಬರುವುದು ಕೇಸರಿ ಬೇಳೆಯಿಂದ. ಅದರ ಸಸ್ಯಶಾಸ್ತ್ರೀಯ ಹೆಸರು ಲ್ಯಾಥಿರಸ್ ಸಟೈವಸ್. ನಮ್ಮ ಕಡೆ ಅವರೆ, ಹುರುಳಿ, ಅಲಸಂದೆ ಇರುವಂತೆ ಮಧ್ಯಪ್ರದೇಶ, ಛತ್ತೀಸಗಢ, ಬಿಹಾರ, ಬಂಗಾಳ, ವಿದರ್ಭಗಳಲ್ಲಿ ಇದು ಬೆಳೆಯುತ್ತದೆ. ಕಾಳು ಕೊಡಲಿಯ ಬಾಯಿಯಂತೆ ಒಂದು ಕಡೆ ಚೂಪು. ಬೇಳೆ ಒಡೆದರೆ ತೊಗರಿಬೇಳೆಯ ಹಾಗೆಯೇ ಕಾಣುತ್ತದೆ. ಅದಕ್ಕೇ ಕಲಬೆರಕೆ ಮಾಡುವವರಿಗೆ ಇದು ಪ್ರಿಯ. ಈ ಬಳ್ಳಿಯ ಗುಣವೆಂದರೆ ಮಳೆ ಕೈಕೊಟ್ಟರೂ ಬದುಕುತ್ತದೆ, ನೀರು ನಿಂತರೂ ಬದುಕುತ್ತದೆ. ಗೋಧಿ, ಭತ್ತ ಸತ್ತುಹೋದ ವರ್ಷ ಹೊಲದಲ್ಲಿ ಹಸಿರಾಗಿ ಉಳಿಯುವುದು ಇದೊಂದೇ. ಬರಗಾಲದಲ್ಲಿ ಪ್ರಾಣ ಉಳಿಸುವ ಈ ಕಾಳನ್ನೇ ತಿಂಗಳುಗಟ್ಟಲೆ ಮುಖ್ಯ ಆಹಾರವಾಗಿ ತಿಂದವರಲ್ಲಿ ಕೆಲವರಿಗೆ ಕಾಲುಗಳ ಸ್ವಾಧೀನ ತಪ್ಪುತ್ತದೆ. ಮೊದಲು ಕಾಲು ಬಿಗಿಯುತ್ತದೆ. ಆಮೇಲೆ ನಡೆಯುವಾಗ ಕತ್ತರಿಯ ಹಾಗೆ ಕಾಲುಗಳು ಒಂದಕ್ಕೊಂದು ಅಡ್ಡ ಬರುತ್ತವೆ, ಹಿಮ್ಮಡಿ ನೆಲ ಮುಟ್ಟುವುದಿಲ್ಲ. ವೈದ್ಯರು ಇದರ ಹಂತಗಳನ್ನು ಒಂದು ಕೋಲಿನವರು, ಎರಡು ಕೋಲಿನವರು, ತೆವಳುವವರು ಎಂದೇ ಗುರುತಿಸುತ್ತಾರೆ. ಬುದ್ಧಿ ಮಂಕಾಗುವುದಿಲ್ಲ, ಮಾತು ಕೆಡುವುದಿಲ್ಲ. ಬೇಳೆ ತಿನ್ನುವುದನ್ನು ನಿಲ್ಲಿಸಿದರೆ ಕಾಯಿಲೆ ಸಾಮಾನ್ಯವಾಗಿ ಮುಂದುವರಿಯುವುದೂ ಇಲ್ಲ. ಆದರೆ ಹೋದ ಕಾಲು ಮರಳುವುದಿಲ್ಲ. ಹೀಗಾಗುವವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು.

ಬೇಳೆಗೂ ಕುಂಟಿಗೂ ಸಂಬಂಧವಿದೆ ಎಂಬುದು ಹಳೆಯ ಸಂಗತಿ. ನಮ್ಮ ಆಯುರ್ವೇದದಲ್ಲಿ ಕಲಾಯಖಂಜ ಎಂಬ ರೋಗದ ಹೆಸರಿನಲ್ಲೇ ಕಾಳೂ ಇದೆ, ಕುಂಟೂ ಇದೆ. ಯುರೋಪಿನಲ್ಲಿ 1671ರಲ್ಲೇ ವ್ಯೂರ್ಟೆಂಬರ್ಗ್ ಮನೆತನದ ಡ್ಯೂಕ್ ಒಬ್ಬ ಈ ಹಿಟ್ಟಿನ ಬಳಕೆಯನ್ನು ನಿಷೇಧಿಸಿದ. ಚಿತ್ರಕಾರ ಗೋಯಾ 1811-12ರ ಮ್ಯಾಡ್ರಿಡ್ ಕ್ಷಾಮವನ್ನು ಚಿತ್ರಿಸಿದಾಗ ಈ ಹಿಟ್ಟಿನ ಗಂಜಿಗೆ ಮುತ್ತಿದ ಜನರನ್ನೇ ತೋರಿಸಿದ. ನೇಪಲ್ಸ್‌ನ ವೈದ್ಯ ಕಾಂಟಾನಿ 1873ರಲ್ಲಿ ಈ ರೋಗಕ್ಕೆ ಲ್ಯಾಥಿರಿಸಂ ಎಂದು ಹೆಸರಿಟ್ಟ.

ನಮ್ಮ ದೇಶದ ಅತ್ಯಂತ ಸ್ಪಷ್ಟವಾದ ಹಳೆಯ ದಾಖಲೆ ವೈದ್ಯನದಲ್ಲ, ಕಂಪನಿ ಸರ್ಕಾರದ ಅಧಿಕಾರಿ ಸ್ಲೀಮನ್‌ನದು. ಠಕ್ಕರನ್ನು ಅಡಗಿಸಿದವನೆಂದು ನೀವು ಇತಿಹಾಸದ ಪಾಠದಲ್ಲಿ ಓದಿರುವ ಸ್ಲೀಮನ್ನನೇ ಇವನು. ಸಾಗರ ಪ್ರಾಂತದ ಹಳ್ಳಿಯೊಂದರಲ್ಲಿ 1829ರಿಂದ ಮೂರು ವರ್ಷ ಆಲಿಕಲ್ಲು, ಮಳೆಯ ಕೊರತೆ, ರೋಗ ಎಂದು ಗೋಧಿ ಬೆಳೆ ಕೈಗೆ ಬರಲಿಲ್ಲ. ಗೋಧಿ ಹೊಲದಲ್ಲಿ ತಾನಾಗಿ ಎದ್ದ ಈ ಕಾಳನ್ನು ಜನ ಕೊಯ್ದು ತಿಂದರು. 1833ರಿಂದ ಮೂವತ್ತು ವರ್ಷದೊಳಗಿನ ಯುವಕರು ಒಬ್ಬರ ಹಿಂದೆ ಒಬ್ಬರು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. 1844ರ ತನ್ನ ಪುಸ್ತಕದಲ್ಲಿ ಸ್ಲೀಮನ್ ಇದನ್ನೆಲ್ಲ ಬರೆದಿಟ್ಟ.

ಇಷ್ಟು ಗೊತ್ತಿದ್ದ ಮೇಲೆ ಇನ್ನೇನು ಹುಡುಕಬೇಕಿತ್ತು ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೆಯೇ ಕೇಳಿದ್ದೆ.

ಬರಗಾಲದಲ್ಲಿ ಜನ ಬರಿಯ ಬೇಳೆ ತಿನ್ನುವುದಿಲ್ಲ, ಬೇರೆ ಏನನ್ನೂ ತಿನ್ನದೆಯೂ ಇರುತ್ತಾರೆ. ಕಾಲು ಹೋದದ್ದು ಬೇಳೆಯಲ್ಲಿ ಇದ್ದದ್ದರಿಂದಲೋ, ಊಟದಲ್ಲಿ ಇಲ್ಲದ್ದರಿಂದಲೋ? ಜೀವಸತ್ವದ ಕೊರತೆಯೂ ಇರಬಹುದಲ್ಲ? ಇನ್ನು ಹೊಲದಲ್ಲಿ ಕೇಸರಿ ಬೇಳೆಯ ಜೊತೆಗೆ ವಿಸಿಯ ಸಟೈವ ಎಂಬ ಕಳೆಯ ಬೀಜವೂ ಬೆರೆತಿರುತ್ತದೆ. ವಿಷ ಆ ಕಳೆಯದು, ಬೇಳೆ ನಿರ್ದೋಷಿ ಎಂದು 1920ರ ದಶಕದಲ್ಲೇ ವಾದಿಸಿದವರಿದ್ದರು. 1962ರಲ್ಲಿ ಅಮೆರಿಕದ ಷಾರ್ಲಟ್ ರೆಸ್ಲರ್ ಆ ಕಳೆಯ ಬೀಜದಿಂದ ನಿಜವಾಗಿಯೂ ಒಂದು ನರವಿಷವನ್ನು ಬೇರ್ಪಡಿಸಿದಾಗ ಆ ವಾದಕ್ಕೆ ಬಲ ಬಂತು.

ಎಲ್ಲಕ್ಕಿಂತ ದೊಡ್ಡ ದಾರಿತಪ್ಪು ಇಲಿಯಿಂದ ಆದದ್ದು. ಪಾಶ್ಚಾತ್ಯ ಪ್ರಯೋಗಶಾಲೆಗಳಲ್ಲಿ ಇದೇ ಕುಲದ ಸ್ವೀಟ್ ಪೀ ಎಂಬ ಹೂಬಳ್ಳಿಯ ಬೀಜವನ್ನು ಇಲಿಗಳಿಗೆ ತಿನ್ನಿಸಿದರು. ಇಲಿಗಳ ಬೆನ್ನೆಲುಬು ಸೊಟ್ಟಗಾಯಿತು, ರಕ್ತನಾಳ ಒಡೆಯಿತು. 1954ರ ಹೊತ್ತಿಗೆ ಅದಕ್ಕೆ ಕಾರಣವಾದ ರಾಸಾಯನಿಕವೂ ಸಿಕ್ಕಿತು. ಲ್ಯಾಥಿರಿಸಂನ ಗುಟ್ಟು ಬಯಲಾಯಿತೆಂದು ಸಂತೋಷಪಡುವಂತಿತ್ತು. ಆದರೆ ಮನುಷ್ಯರಲ್ಲಿ ಕೆಡುವುದು ಮೂಳೆಯಲ್ಲ, ನರ. ಆ ರಾಸಾಯನಿಕವೂ ಕೇಸರಿ ಬೇಳೆಯಲ್ಲಿ ಇಲ್ಲ. ಹೆಸರು ಒಂದೇ ಆದರೂ ಅವು ಎರಡು ಬೇರೆ ಕಾಯಿಲೆಗಳು. ಕೇಸರಿ ಬೇಳೆಯನ್ನೇ ಇಲಿಗೆ ಎಷ್ಟು ತಿನ್ನಿಸಿದರೂ ಅದು ಕುಂಟುವುದಿಲ್ಲ. ರೋಗ ತೋರಿಸುವ ಪ್ರಾಣಿಯೇ ಇಲ್ಲದಿದ್ದರೆ, ಬೇಳೆಯೊಳಗಿನ ನೂರಾರು ವಸ್ತುಗಳಲ್ಲಿ ವಿಷ ಯಾವುದೆಂದು ಪರೀಕ್ಷಿಸುವುದು ಹೇಗೆ?

ಈ ಗಂಟು ಬಿಚ್ಚಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ. ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದದ್ದು ಇದನ್ನೇ. ಪ್ರೊ. ಪಿ. ಎಸ್. ಶರ್ಮ ಅವರ ಜೊತೆ ಎಸ್. ಎಲ್. ಎನ್. ರಾವ್ ಮತ್ತು ಪಿ. ಆರ್. ಅಡಿಗ ಎಂಬ ತರುಣ ಸಂಶೋಧಕರು ಈ ಕೆಲಸದಲ್ಲಿದ್ದರು. ಅವರು ಪರೀಕ್ಷೆಗೆ ಬಳಸಿದ್ದು ಒಂದು ದಿನದ ಕೋಳಿಮರಿ. ಬೇಳೆಯ ಸಾರವನ್ನು ಚುಚ್ಚಿದರೆ ದೊಡ್ಡ ಕೋಳಿಗೆ, ದೊಡ್ಡ ಇಲಿಗೆ ಏನೂ ಆಗುತ್ತಿರಲಿಲ್ಲ. ಒಂದು ದಿನದ ಮರಿಯ ಕುತ್ತಿಗೆ ಮಾತ್ರ ಹಿಂದಕ್ಕೆ ತಿರುಚಿಕೊಳ್ಳುತ್ತಿತ್ತು, ಅದು ನಿಲ್ಲಲಾರದೆ ಬೀಳುತ್ತಿತ್ತು, ಸೆಳೆತ ಬರುತ್ತಿತ್ತು. ಬೆಳೆದ ಪ್ರಾಣಿಗಳಲ್ಲಿ ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆ ಇರುತ್ತದೆ. ರಕ್ತದಲ್ಲಿ ಬಂದದ್ದೆಲ್ಲ ಮಿದುಳಿನ ಒಳಕ್ಕೆ ಹೋಗದಂತೆ ಅದು ಕಾಯುತ್ತದೆ. ಎಳೆಯ ಮರಿಯಲ್ಲಿ ಆ ತಡೆ ಇನ್ನೂ ಗಟ್ಟಿಯಾಗಿರುವುದಿಲ್ಲ.

ಈಗ ಅವರ ಕೈಯಲ್ಲಿ ಅಳತೆಗೋಲು ಇತ್ತು. ಬೇಳೆಯ ಹಿಟ್ಟಿನ ಸಾರ ತೆಗೆದು ಭಾಗ ಮಾಡುವುದು. ಪ್ರತಿಯೊಂದು ಭಾಗವನ್ನೂ ಮರಿಗೆ ಚುಚ್ಚಿ ನೋಡುವುದು. ಏನೂ ಆಗದ ಭಾಗವನ್ನು ಬಿಡುವುದು, ಕುತ್ತಿಗೆ ತಿರುಚಿಸಿದ ಭಾಗವನ್ನು ಮತ್ತೆ ಒಡೆಯುವುದು. ಓದುವಾಗ ಇದು ಎರಡು ಸಾಲು. ಮಾಡುವವರಿಗೆ ವರ್ಷಗಳು. ನಾನು ಬಿ.ಎಸ್ಸಿ.ಯಲ್ಲಿ ಲವಣ ವಿಶ್ಲೇಷಣೆ ಮಾಡುವಾಗ ಮೂರು ಗಂಟೆಗೇ ತಾಳ್ಮೆ ಕಳೆದುಕೊಳ್ಳುತ್ತಿದ್ದವನು. ಇಂಥ ಕೆಲಸವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. 1962ರಲ್ಲಿ ಅವರು ವಿಷಾಂಶ ಸಿಕ್ಕಿದ ಸುದ್ದಿ ಪ್ರಕಟಿಸಿದರು. 1964ರಲ್ಲಿ ಬಯೋಕೆಮಿಸ್ಟ್ರಿ ಪತ್ರಿಕೆಯಲ್ಲಿ ಅದರ ಪೂರ್ಣ ರಚನೆ ಬಂತು. ಅದೊಂದು ಅಮೈನೋ ಆಮ್ಲ. ಆದರೆ ನಮ್ಮ ಸ್ನಾಯು, ರಕ್ತಗಳ ಪ್ರೋಟೀನಿನಲ್ಲಿ ಬರುವ ಇಪ್ಪತ್ತರ ಸಾಲಿನದಲ್ಲ. ಒಡೆದರೆ ಒಂದು ತುಂಡು ಆಕ್ಸಾಲಿಕ್ ಆಮ್ಲ, ಇನ್ನೊಂದು ಡೈಅಮೈನೋಪ್ರೊಪಿಯಾನಿಕ್ ಆಮ್ಲ. ಪೂರ್ಣ ಹೆಸರು ಉದ್ದವಾದ್ದರಿಂದ ಓಡಿಎಪಿ ಎಂದು ಕರೆಯುತ್ತಾರೆ. ಕೆಲವು ಪುಸ್ತಕಗಳಲ್ಲಿ ಬಿಓಎಎ ಎಂದಿದ್ದರೆ ಗಾಬರಿಯಾಗಬೇಡಿ, ಎರಡೂ ಒಂದೇ. ಅದೇ 1964ರಲ್ಲಿ ದೆಹಲಿಯಲ್ಲಿ ಟಿ. ಆರ್. ಶೇಷಾದ್ರಿ ಮತ್ತು ಸಂಗಡಿಗರೂ ಸ್ವತಂತ್ರವಾಗಿ ಇದೇ ವಸ್ತುವನ್ನು ಕಂಡಿದ್ದರು.

ಕೋಳಿಮರಿ ಬಿದ್ದ ಮಾತ್ರಕ್ಕೆ ಮನುಷ್ಯನ ಕಾಯಿಲೆಗೆ ಇದೇ ಕಾರಣ ಎನ್ನಲಾಗುತ್ತದೆಯೇ? ಆಗುವುದಿಲ್ಲ. ಮುಂದಿನ ಹೆಜ್ಜೆ 1967ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ರಾವ್ ಮತ್ತು ಶರ್ಮರ ಜೊತೆ ಈ ಬಾರಿ ಒಬ್ಬ ನರರೋಗ ವೈದ್ಯರಿದ್ದರು: ಡಾ. ಕೆ. ಎಸ್. ಮಣಿ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಅವರಿದ್ದರು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ರಕ್ತದ ತಡೆಯನ್ನು ದಾಟಿಸಲು ಅವರು ವಿಷವನ್ನು ಕೋತಿಗಳ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ನೇರವಾಗಿ ಸೇರಿಸಿದರು. ಕೋತಿಗಳ ಹಿಂಗಾಲುಗಳು ಸೋತವು.

ಈ ಡಾ. ಮಣಿಯವರ ಹೆಸರನ್ನು ನಿಮ್ಮ ಜಿಲ್ಲೆಯವರು ತಿಳಿದಿರಬೇಕು. ಬಹಳ ವರ್ಷಗಳ ನಂತರ, 1990ರ ದಶಕದಲ್ಲಿ, ಯಳಂದೂರು ತಾಲ್ಲೂಕಿನಲ್ಲಿ ಮನೆಮನೆ ಸಮೀಕ್ಷೆ ಮಾಡಿಸಿ ಮೂರ್ಛೆರೋಗಿಗಳನ್ನು ಗುರುತಿಸಿದ ತಂಡ ಅವರದೇ. ಆಗ ಅದು ಮೈಸೂರು ಜಿಲ್ಲೆಯಲ್ಲಿತ್ತು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆ ಈ ಭಾಗದಲ್ಲಿ ಹೆಚ್ಚು ಎಂಬುದು ಅಲ್ಲಿಯೂ ಕಂಡಿತು. ಫಿನೋಬಾರ್ಬಿಟೋನ್‌ನಂಥ ಅಗ್ಗದ ಹಳೆಯ ಮಾತ್ರೆಗಳನ್ನೇ ಬಳಸಿ ಹಳ್ಳಿಯಲ್ಲೇ ಮೂರ್ಛೆಯನ್ನು ಹತೋಟಿಗೆ ತಂದದ್ದನ್ನು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ಮೂರ್ಛೆರೋಗ ನರಕ್ಷಯವಲ್ಲ, ಆ ಕಥೆಯೇ ಬೇರೆ. ಯಳಂದೂರಿನ ಮಣ್ಣಿನ ಹಾದಿಗೂ ನೇಚರ್ ಪತ್ರಿಕೆಯ ಕೋತಿಗಳಿಗೂ ನಡುವೆ ಒಬ್ಬರೇ ವ್ಯಕ್ತಿ ಇದ್ದರೆಂದು ತಿಳಿದಾಗ ನನಗಾದ ಖುಷಿಗೆ ಇಷ್ಟು ಹೇಳಿದೆ.

ಕೋತಿಗಳಿಗೆ ಬರೋಣ. ಬೆನ್ನಿಗೆ ಚುಚ್ಚಿದ್ದು ಸರಿ, ಆದರೆ ಬಡವನ ಬೆನ್ನಿಗೆ ಯಾರೂ ಚುಚ್ಚುವುದಿಲ್ಲ; ಅವನು ತಿನ್ನುತ್ತಾನೆ. ತಿಂದರೂ ಇದೇ ಆಗುತ್ತದೆಯೇ ಎಂಬ ಆಕ್ಷೇಪಕ್ಕೆ ಉತ್ತರ ಸಿಗಲು ಮತ್ತೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಅಮೆರಿಕದ ಪೀಟರ್ ಸ್ಪೆನ್ಸರ್ ಮತ್ತು ಸಂಗಡಿಗರು ಕೋತಿಗಳಿಗೆ ತಿನ್ನಿಸಿಯೇ ಕಾಲಿನ ದೋಷವನ್ನು ತೋರಿಸಿದ್ದು 1986ರಲ್ಲಿ.

ಈ ನಡುವೆ ಇನ್ನೊಂದು ಪ್ರಶ್ನೆಗೆ ಉತ್ತರ ಬಂದಿತ್ತು. ವಿಷ ಕೊಲ್ಲುವುದು ಹೇಗೆ? ನಮ್ಮ ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದನ್ನು ಎಚ್ಚರಿಸಲು ಗ್ಲುಟಮೇಟ್ ಎಂಬ ಅಮೈನೋ ಆಮ್ಲವನ್ನು ಹೊರಬಿಡುತ್ತದೆ. ಎಚ್ಚರಿಸಿದ ಕೂಡಲೇ ಅದನ್ನು ಅಲ್ಲಿಂದ ತೆಗೆದುಬಿಡುವ ಏರ್ಪಾಡೂ ಇದೆ. ಓಡಿಎಪಿಯ ಆಕಾರ ಗ್ಲುಟಮೇಟನ್ನು ಹೋಲುತ್ತದೆ. ಅದು ಅದೇ ಜಾಗಕ್ಕೆ ಹೋಗಿ ಕೂತು ನರಕೋಶವನ್ನು ಕೆರಳಿಸುತ್ತಲೇ ಇರುತ್ತದೆ. ಬಿಡುವಿಲ್ಲದೆ ಕೆರಳಿದ ಕೋಶ ದಣಿದು ಸಾಯುತ್ತದೆ. ಹೀಗೆ ಕೆರಳಿಸಿ ಕೊಲ್ಲುವ ವಿಷಗಳ ಕಲ್ಪನೆಯನ್ನು ಬೆಳೆಸಿದ ಅಮೆರಿಕದ ಜಾನ್ ಓಲ್ನಿ 1976ರಲ್ಲಿ ಓಡಿಎಪಿಯೂ ಇದೇ ಜಾತಿಯದೆಂದು ತೋರಿಸಿದರು.

ಇನ್ನು ನಾನು ಹೇಳುವ ಹೆಸರು ವಿಜಯಲಕ್ಷ್ಮಿ ರವೀಂದ್ರನಾಥ್ ಅವರದು. ನಿಮ್ಮ ಊರಿನ ಹೊಲಗಳಲ್ಲಿ ಅರಿಶಿನ ಬೆಳೆಯುತ್ತೀರಿ, ಸುಗ್ಗಿಯಲ್ಲಿ ಅದನ್ನು ಬೇಯಿಸುವ ಹಬೆಯ ವಾಸನೆ ಗುಂಡ್ಲುಪೇಟೆಯ ರಸ್ತೆಗೂ ಬರುತ್ತದೆ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ದೇಹದಲ್ಲಿ ಎಷ್ಟು ಹೀರಿಕೆಯಾಗುತ್ತದೆ ಎಂದು ಮೈಸೂರಿನಲ್ಲಿ ಇಲಿಗಳ ಮೇಲೆ ಅಧ್ಯಯನ ಮಾಡಿದವರು ಇವರು. 1981ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಪಡೆದರು. ಆಮೇಲೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ, ನಮ್ಮ ಹುಡುಗಿ ಕೇಳಿದಳಲ್ಲ, ಆ ಪಿಎಚ್.ಡಿ. ನಂತರದ ಸಂಶೋಧನೆ ಮಾಡಿದರು. ಈ ಅವಧಿಯನ್ನು ಪೋಸ್ಟ್‌ಡಾಕ್ ಎನ್ನುತ್ತಾರೆ. ಪಿಎಚ್.ಡಿ.ಯಲ್ಲಿ ಒಂದು ಪ್ರಶ್ನೆಯನ್ನು ಗುರುವಿನ ಕೈಹಿಡಿದು ಬಿಡಿಸಲು ಕಲಿತವರು, ಇಲ್ಲಿ ಬೇರೆ ಊರಿನ ಬೇರೆ ಲ್ಯಾಬಿನಲ್ಲಿ ಬೇರೆ ವಿಧಾನಗಳನ್ನು ಕಲಿತು ತಮ್ಮದೇ ಪ್ರಶ್ನೆಯನ್ನು ಕಂಡುಕೊಳ್ಳುತ್ತಾರೆ. ಸಂಬಳ ಕಡಿಮೆ, ಕೆಲಸ ಖಾಯಂ ಅಲ್ಲ. ಮುಗಿಸಿ 1986ರಲ್ಲಿ ಅವರು ನಿಮ್ಹಾನ್ಸ್ ಸೇರಿದರು.

ಅಲ್ಲಿ ಅವರ ತಂಡ 1993ರಲ್ಲಿ ಒಂದು ಮುಖ್ಯ ಸಂಗತಿ ಪ್ರಕಟಿಸಿತು. ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೋಕಾಂಡ್ರಿಯದಲ್ಲಿ ಕಿಣ್ವಗಳ ಒಂದು ಸಾಲಿದೆ. ಬೇಳೆಯ ವಿಷ ಆ ಸಾಲಿನ ಮೊದಲನೆಯ ಕಿಣ್ವವನ್ನೇ ಕುಂದಿಸುತ್ತದೆ. ಇದನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾಕೆಂದರೆ ಇದೇ ಕಿಣ್ವ ಪಾರ್ಕಿನ್ಸನ್ ಕಾಯಿಲೆಯ ಕಥೆಯಲ್ಲೂ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಲ್ಲಿ ತಯಾರಿಸಿದ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಕರು ಕೆಲವೇ ದಿನಗಳಲ್ಲಿ ಮುದಿ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿದರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ಕಲ್ಮಶವೇ ಕಾರಣವೆಂದು 1983ರಲ್ಲಿ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಬರೆದರು. ಅದು ಕೆಡಿಸುವುದೂ ಈ ಮೊದಲ ಕಿಣ್ವವನ್ನೇ. ಒಂದರಲ್ಲಿ ಕಾಲು ನಡೆಸುವ ನರಕೋಶಗಳು ಹೋದವು, ಇನ್ನೊಂದರಲ್ಲಿ ಚಲನೆಯನ್ನು ಹದಗೊಳಿಸುವ ನರಕೋಶಗಳು.

ಗಂಡಸರಿಗೇ ಯಾಕೆ ಹೆಚ್ಚು ಎಂಬ ಹಳೆಯ ಒಗಟನ್ನೂ ಅವರ ತಂಡ ಬಿಡಲಿಲ್ಲ. ಆ ಹೊತ್ತಿಗೆ ಅವರು ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟುತ್ತಿದ್ದರು. ಹೆಣ್ಣು ಇಲಿಮರಿಗಳ, ಅಂದರೆ ಮೂಷಿಕಗಳ ಮಿದುಳಿನಲ್ಲಿ ಈ ಕಿಣ್ವ ಅಷ್ಟು ಸುಲಭವಾಗಿ ಕೆಡುವುದಿಲ್ಲ. ಈಸ್ಟ್ರೋಜನ್ ಹಾರ್ಮೋನಿನ ಕೆಲಸಕ್ಕೆ ತಡೆ ಒಡ್ಡಿದರೆ ಆ ರಕ್ಷಣೆ ಕುಸಿಯುತ್ತದೆ ಎಂದು 2006ರಲ್ಲಿ ತೋರಿಸಿದರು. ಸ್ಲೀಮನ್ ಕಂಡದ್ದಕ್ಕೂ ಇದಕ್ಕೂ ನಡುವೆ 170 ವರ್ಷಗಳಿಗಿಂತ ಹೆಚ್ಚು ಅಂತರ.

ಇನ್ನೂ ಬಿಡಿಸಿಕೊಳ್ಳದ ಗಂಟುಗಳಿವೆ. ಒಂದೇ ಮನೆಯಲ್ಲಿ ಒಂದೇ ಬೇಳೆ ತಿಂದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಕಾಯಿಲೆ ಬಂದು ಇನ್ನೊಬ್ಬನಿಗೆ ಬರದಿರುವುದುಂಟು. ಗಂಧಕವಿರುವ ಅಮೈನೋ ಆಮ್ಲಗಳು ಈ ಬೇಳೆಯಲ್ಲಿ ಕಡಿಮೆ. ಜೊತೆಗೆ ಸಾಕಷ್ಟು ಧಾನ್ಯ ತಿಂದವರಿಗೆ ಅಪಾಯ ಕಡಿಮೆ ಎಂದು ಇಥಿಯೋಪಿಯಾದ ಅಧ್ಯಯನಗಳು ಹೇಳುತ್ತವೆ. ಅಂದರೆ ಬೇಳೆಯಲ್ಲಿ ಇದ್ದದ್ದೂ ಊಟದಲ್ಲಿ ಇಲ್ಲದ್ದೂ ಎರಡೂ ಸೇರಿವೆ. ಹಳೆಯ ವಾದಿಗಳು ಪೂರ್ತಿ ತಪ್ಪಾಗಿರಲಿಲ್ಲ.

ಇಷ್ಟೆಲ್ಲ ಕಂಡುಹಿಡಿದದ್ದರಿಂದ ತಿನ್ನುವವನಿಗೆ ಏನು ಸಿಕ್ಕಿತು? ಇಲ್ಲಿ ನಿಮಗೊಂದು ಅಡುಗೆಮನೆಯ ಮಾತು. ನಮ್ಮ ಮನೆಗಳಲ್ಲಿ ಕಾಳು ಬೇಯಿಸಿ, ನೀರು ಬಸಿದು, ಕಾಳನ್ನು ಪಲ್ಯಕ್ಕೂ ನೀರನ್ನು ಬಸ್ಸಾರಿಗೂ ಹಾಕುತ್ತೇವೆ. ಮುದ್ದೆಗೆ ಅದಿಲ್ಲದಿದ್ದರೆ ಊಟವೇ ಅಲ್ಲ. ಓಡಿಎಪಿ ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಕೇಸರಿ ಬೇಳೆಯನ್ನು ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿಬಿಟ್ಟರೆ ವಿಷದ ಬಹುಪಾಲು ಹೋಗುತ್ತದೆ. ಹೈದರಾಬಾದಿನ ಪೋಷಣಾ ಸಂಶೋಧನಾಲಯದಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ದಶಕದಲ್ಲೇ ಈ ಸರಳ ವಿಧಾನಗಳನ್ನು ಸೂಚಿಸಿದ್ದರು. ನಮ್ಮ ಹುರುಳಿಯ ಬಸಿದ ನೀರನ್ನು ಯಾರೂ ಚೆಲ್ಲಬೇಕಾಗಿಲ್ಲ, ಅದರಲ್ಲಿ ಈ ವಿಷವಿಲ್ಲ. ಆದರೆ ಯೋಚಿಸಿ ನೋಡಿ: ನೀರು ಚೆಲ್ಲಿದರೆ ವಿಷದ ಜೊತೆಗೆ ಒಳ್ಳೆಯ ಸತ್ವವೂ ರುಚಿಯೂ ಹೋಗುತ್ತದೆ. ಬರಗಾಲದಲ್ಲಿ ಸೌದೆ, ನೀರು ಎರಡೂ ಇಲ್ಲದ ತಾಯಿಗೆ "ಬಿಸಿನೀರು ಕಾಯಿಸಿ ಚೆಲ್ಲಮ್ಮಾ" ಎಂದರೆ ಅವಳೇನು ಹೇಳಿಯಾಳು?

ಕೇಂದ್ರ ಸರ್ಕಾರ 1961ರಲ್ಲಿ ಆಹಾರ ಕಲಬೆರಕೆ ತಡೆ ನಿಯಮಗಳಡಿ ಈ ಬೇಳೆಯ ಮಾರಾಟವನ್ನು ನಿಷೇಧಿಸಿತು. ಆದರೆ ಮಧ್ಯಪ್ರದೇಶದ ರೇವಾ ಕಡೆ ಜೀತದಾಳುಗಳಿಗೆ ಕೂಲಿಯಾಗಿ ಕೊಡುತ್ತಿದ್ದದ್ದೇ ಈ ಕಾಳು. ಕೂಲಿಗೆ ಕೊಟ್ಟದ್ದು ಮಾರಾಟವಲ್ಲವಲ್ಲ! ವಿಷದ ರಚನೆ ತಿಳಿದಿದ್ದರಿಂದ ಅಳೆಯಲು ಸಾಧ್ಯವಾಯಿತು, ಅಳೆಯಲು ಬಂದದ್ದರಿಂದ ವಿಷ ಕಡಿಮೆಯಿರುವ ತಳಿಗಳನ್ನು ಆರಿಸಿ ಬೆಳೆಸಲು ಸಾಧ್ಯವಾಯಿತು. ರತನ್, ಪ್ರತೀಕ್, ಮಹಾತಿವಡಾ ಎಂಬ ತಳಿಗಳಲ್ಲಿ ಅದು ಶೇಕಡ 0.1ಕ್ಕಿಂತ ಕಡಿಮೆ. ಇವುಗಳನ್ನು ನಂಬಿ ನಿಷೇಧ ತೆಗೆಯಬಹುದೆಂಬ ಸಲಹೆ 2016ರ ಸುಮಾರಿಗೆ ಬಂದಾಗ ವಿಜ್ಞಾನಿಗಳಲ್ಲೇ ಜಗಳವಾಯಿತು. ಹೊಲದಲ್ಲಿ ಹಳೆಯ ತಳಿ ಬೆರೆತರೆ ಗುರುತಿಸುವವರು ಯಾರು ಎಂಬ ಆಕ್ಷೇಪ ನನಗೂ ಸರಿಯೆಂದೇ ತೋರುತ್ತದೆ.

ಲ್ಯಾಥಿರಿಸಂನಲ್ಲಿ ಕಾರಣವಾದ ವಸ್ತು ತಟ್ಟೆಯಲ್ಲೇ ಇತ್ತು. ಆದರೂ ಅದನ್ನು ಹೆಸರಿಸಿ, ಪ್ರಾಣಿಯಲ್ಲಿ ತೋರಿಸಿ, ಕೊಲ್ಲುವ ದಾರಿ ತಿಳಿಯಲು ಇಷ್ಟು ಲ್ಯಾಬುಗಳು, ಇಷ್ಟು ವರ್ಷಗಳು ಬೇಕಾದವು. ಪಾರ್ಕಿನ್ಸನ್, ಆಲ್‌ಝೈಮರ್ ರೋಗಿಗಳಲ್ಲಿ ಹೆಚ್ಚಿನವರ ತಟ್ಟೆಯಲ್ಲಿ ಅಂಥ ಒಂದೇ ವಸ್ತು ಸಿಕ್ಕಿಲ್ಲ. ವಯಸ್ಸು, ವಂಶವಾಹಿ, ಪರಿಸರ ಎಲ್ಲವೂ ಬೇರೆ ಬೇರೆ ಪಾಲು ಪಡೆದಿವೆ. ದೊಡ್ಡಪ್ಪನವರಿಗೆ ಇದನ್ನು ಹೇಳುವಷ್ಟು ತಿಳಿವಳಿಕೆ ನನಗೆ ಬರುವ ಮೊದಲೇ ಅವರು ತೀರಿಕೊಂಡರು.

ವಿಜಯಲಕ್ಷ್ಮಿ ರವೀಂದ್ರನಾಥ್ ಆಮೇಲೆ ಬೆಂಗಳೂರಿಗೆ ಮರಳಿ, ಶರ್ಮ, ರಾವ್, ಅಡಿಗರು ಕೋಳಿಮರಿ ಹಿಡಿದು ಕೂತಿದ್ದ ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ಆ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ, ಮರೆವಿನ ಕಾಯಿಲೆ ಇನ್ನೂ ಬಂದಿಲ್ಲದ 10,000 ಹಳ್ಳಿಗರನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಹಮ್ಮಿಕೊಂಡರು. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಮಿದುಳಿನ ಚಿತ್ರ ತೆಗೆಯುವುದು ಎಲ್ಲವೂ ಅದರಲ್ಲಿವೆ. ಯಾರಿಗೆ ಯಾವಾಗ ಮರೆವು ಶುರುವಾಗುತ್ತದೆ, ಅದಕ್ಕೆ ಮುಂಚೆ ಅವರಲ್ಲಿ ಏನು ಬದಲಾಗಿತ್ತು ಎಂದು ನೋಡಲು ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸುವ ಯೋಜನೆ ಅದು.